ಓದುಗರ ಪ್ರಶ್ನೆಗಳು: ವೆಸ್ಟರ್ನ್ ಕಾದಂಬರಿಗಳ ಮೂಲಚಿತ್ರಗಳ ಸಂಗ್ರಹ

ಅಮೆರಿಕದ ಪಶ್ಚಿಮ ಸೀಮೆಯ ದನಗಾಹಿಗಳನ್ನೂ ಕುದುರೆಗಳನ್ನೂ ಕುರಿತ ಕಾದಂಬರಿಗಳಿಗೆ ಚಿತ್ರಕಾರರು ಕೈಯಾರೆ ಬರೆದುಕೊಟ್ಟ ಮೂಲಚಿತ್ರಗಳನ್ನು ಸಂಗ್ರಹಿಸುವವರ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಟಿಪ್ಪಣಿ ಪ್ರಕಟವಾಗಿತ್ತು. ಅದಕ್ಕೆ ಬಂದ ಪತ್ರಗಳಲ್ಲಿ ಉತ್ತರಕ್ಕೆ ಅವಕಾಶವಿರುವ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಪತ್ರ ಬರೆದವರ ಕೋರಿಕೆಯಂತೆ ಊರಿನ ಹೆಸರನ್ನು ಮಾತ್ರ ಕೊಡಲಾಗಿದೆ.

ಪ್ರಶ್ನೆ: ನಮ್ಮ ಬಡಾವಣೆಯ ಒಂದು ಮನೆಯಲ್ಲಿ ಹಳೆಯ ಸಾಮಾನುಗಳನ್ನು ಮಾರುತ್ತಿದ್ದಾಗ, ಕುದುರೆ ಸವಾರನೊಬ್ಬ ಹಳ್ಳ ದಾಟುತ್ತಿರುವ ಕ್ಯಾನ್ವಾಸೊಂದನ್ನು ಕೊಂಡೆ. ಬರೆದಿರುವುದು ತೈಲವರ್ಣದಲ್ಲೇ, ಆದರೆ ಚಿತ್ರದಲ್ಲಿ ಕಪ್ಪು, ಬಿಳಿ, ಬೂದು ಬಿಟ್ಟರೆ ಬೇರೆ ಬಣ್ಣವೇ ಇಲ್ಲ. ಯಾರೋ ಛಾಯಾಚಿತ್ರವನ್ನು ನೋಡಿ ನಕಲು ಮಾಡಿದ್ದಾರೆ ಎಂದು ಮನೆಯವರು ಹಾಸ್ಯ ಮಾಡುತ್ತಿದ್ದಾರೆ. ಇದು ಪುಸ್ತಕಕ್ಕಾಗಿ ಬರೆದ ಚಿತ್ರವಾಗಿರಬಹುದೇ? (ಡಾಲಸ್, ಟೆಕ್ಸಸ್)

ಉತ್ತರ: ಆಗಿರಬಹುದು, ಮತ್ತು ಬಣ್ಣವಿಲ್ಲದಿರುವುದೇ ಅದಕ್ಕೆ ಮೊದಲ ಸುಳಿವು. 1890ರ ದಶಕದ ಹೊತ್ತಿಗೆ ಅಮೆರಿಕದ ಪತ್ರಿಕೆಗಳೂ ಪ್ರಕಾಶಕರೂ ಮರದ ಅಚ್ಚನ್ನು ಬಿಟ್ಟು ಹಾಫ್‌ಟೋನ್ ಮುದ್ರಣಕ್ಕೆ ಹೊರಳಿದ್ದರು. ಈ ವಿಧಾನದಲ್ಲಿ ಮೂಲಚಿತ್ರವನ್ನು ಸಣ್ಣ ಜಾಲರಿಯ ಮೂಲಕ ಕ್ಯಾಮೆರಾದಲ್ಲಿ ಹಿಡಿದಾಗ ನೆರಳು ಬೆಳಕಿನ ಮಟ್ಟಗಳೆಲ್ಲ ದೊಡ್ಡ ಮತ್ತು ಚಿಕ್ಕ ಚುಕ್ಕೆಗಳಾಗಿ ಅಚ್ಚಿನ ಮೇಲೆ ಮೂಡುತ್ತವೆ. ಆಗಿನ ಛಾಯಾಫಲಕಗಳಿಗೆ ಕೆಂಪು ಬಣ್ಣ ತೀರ ಕಪ್ಪಾಗಿಯೂ ನೀಲಿ ಬಿಳಿಚಿಕೊಂಡೂ ಕಾಣುತ್ತಿದ್ದುದರಿಂದ, ಪುಟ ಹೇಗಿದ್ದರೂ ಕಪ್ಪು ಬಿಳುಪಿನಲ್ಲೇ ಅಚ್ಚಾಗುವುದಾದರೆ ಚಿತ್ರಕಾರರು ಮೊದಲೇ ಬೂದು ಛಾಯೆಗಳಲ್ಲಿ ಬರೆದುಕೊಡುವುದನ್ನು ರೂಢಿ ಮಾಡಿಕೊಂಡರು. ಬಣ್ಣದ ಮುದ್ರಣ ದುಬಾರಿಯಾಗಿದ್ದುದರಿಂದ ಮುಖಪುಟಕ್ಕೋ ಶೀರ್ಷಿಕೆಯ ಎದುರಿನ ಪುಟಕ್ಕೋ ಮಾತ್ರ ಆ ಭಾಗ್ಯವಿರುತ್ತಿತ್ತು. ಹೀಗಾಗಿ ಒಂದೇ ಕಾದಂಬರಿಗೆ ಒಬ್ಬನೇ ಚಿತ್ರಕಾರ ಒಂದನ್ನು ಬಣ್ಣದಲ್ಲಿ ಬರೆದು ಉಳಿದವನ್ನು ಬೂದುಬಣ್ಣದಲ್ಲಿ ಬರೆದುಕೊಟ್ಟ ನಿದರ್ಶನಗಳು ಹೇರಳವಾಗಿವೆ. ಛಾಯಾಚಿತ್ರದ ನಕಲು ಎಂದು ತಿಳಿದು ಇಂಥ ಎಷ್ಟೋ ಚಿತ್ರಗಳನ್ನು ವಾರಸುದಾರರು ಕಸಕ್ಕೆ ಹಾಕಿದ್ದಾರೆ, ಆದ್ದರಿಂದ ನಿಮ್ಮ ಮನೆಯವರ ಹಾಸ್ಯಕ್ಕೂ ಒಂದು ಪರಂಪರೆಯಿದೆ ಎನ್ನಬೇಕು.

ಇನ್ನು ಚಿತ್ರದ ಹಿಂಬದಿಯನ್ನು ನೋಡಿ. ಅಚ್ಚಿಗಾಗಿ ಬರೆದ ಚಿತ್ರ ಗೋಡೆಗೆ ಹೋಗುವ ಮೊದಲು ಸಂಪಾದಕರ ಮೇಜನ್ನೂ ಬ್ಲಾಕ್ ತಯಾರಿಸುವವರ ಕೋಣೆಯನ್ನೂ ಹಾದುಬಂದಿರುತ್ತದೆ. ಪ್ರಕಾಶಕರ ಮೊಹರು, ಕೆಲಸದ ಸಂಖ್ಯೆ, ಪುಟಸಂಖ್ಯೆ, ಎಷ್ಟು ಅಂಗುಲಕ್ಕೆ ಕುಗ್ಗಿಸಬೇಕೆಂಬ ಸೂಚನೆ, ಚಿತ್ರದ ಕೆಳಗೆ ಅಚ್ಚಾಗಬೇಕಾದ ಕಥೆಯ ಸಾಲು, ಅಂಚಿನಲ್ಲಿ ಕತ್ತರಿಸಬೇಕಾದ ಜಾಗದ ಗುರುತು, ಇವುಗಳಲ್ಲಿ ಯಾವುದಾದರೊಂದು ಉಳಿದಿದ್ದರೂ ಅದು ಸಹಿಗಿಂತ ಹೆಚ್ಚು ಮಾತಾಡುತ್ತದೆ. ಶಾಯಿಯ ಚಿತ್ರಗಳಾದರೆ ತಪ್ಪಿದ ಗೆರೆಯ ಮೇಲೆ ಬಿಳಿ ಬಣ್ಣ ಬಳಿದು ತಿದ್ದಿದ ಜಾಗಗಳೂ, ಕ್ಯಾಮೆರಾಕ್ಕೆ ಕಾಣದ ತಿಳಿನೀಲಿ ಪೆನ್ಸಿಲ್ಲಿನ ಬರಹಗಳೂ ಇರುತ್ತವೆ. ಚೌಕಟ್ಟು ಹಾಕಿಸುವಾಗ ಅಂಗಡಿಯವರು ಈ ಅಂಚುಗಳನ್ನು ಕೊಳಕು ಎಂದು ಕತ್ತರಿಸುವುದುಂಟು. ದಯವಿಟ್ಟು ಅದಕ್ಕೆ ಅವಕಾಶ ಕೊಡಬೇಡಿ, ಹಿಂಬದಿಯನ್ನು ಒರೆಸಲೂ ಬೇಡಿ. ಕೊನೆಯದಾಗಿ ಹತ್ತುಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಚಿತ್ರದ ನೆರಳಿರುವ ಭಾಗವನ್ನು ನೋಡಿ. ಸಾಲಾಗಿ ಜೋಡಿಸಿದಂತೆ ಚುಕ್ಕೆಗಳು ಕಂಡರೆ ಅದು ಅಚ್ಚಾದ ಹಾಳೆ, ಅದರ ಮೇಲೆ ವಾರ್ನಿಷಿನ ಕುಂಚದ ಗೆರೆಗಳಿದ್ದರೂ ಮಾತು ಬದಲಾಗುವುದಿಲ್ಲ.

ಪ್ರಶ್ನೆ: ಎಳವೆಯಲ್ಲಿ ಹಳೆಯ ಪುಸ್ತಕದಂಗಡಿಗಳಿಂದ ವೆಸ್ಟರ್ನ್ ಕಾದಂಬರಿಗಳನ್ನು ತಂದು ಓದುತ್ತಿದ್ದವನು ನಾನು, ಈಗ ನಿವೃತ್ತನಾಗಿದ್ದೇನೆ. ಮಿತವಾದ ಹಣದಲ್ಲಿ ಒಂದೆರಡು ಮೂಲಚಿತ್ರಗಳನ್ನಾದರೂ ಹೊಂದಬೇಕೆಂಬ ಆಸೆಯಿದೆ. ಯಾರಿಂದ ಪ್ರಾರಂಭಿಸಬೇಕು? (ಬೆಂಗಳೂರು)

ಉತ್ತರ: ದೊಡ್ಡ ಹೆಸರುಗಳಿಂದ ಪ್ರಾರಂಭಿಸಬೇಡಿ ಎಂಬುದು ನಮ್ಮ ಖಚಿತವಾದ ಅಭಿಪ್ರಾಯ. ಆದರೂ ಆ ಹೆಸರುಗಳನ್ನು ತಿಳಿದಿರಬೇಕು, ಏಕೆಂದರೆ ಉಳಿದವರ ಕೈಗೆಲಸವನ್ನು ಅಳೆಯುವುದು ಅವರ ಕೆಲಸದ ಪಕ್ಕದಲ್ಲಿಟ್ಟೇ.

ಕೌಬಾಯ್ ಕಾದಂಬರಿಗೆ ಗಟ್ಟಿಯಾದ ಅಡಿಪಾಯ ಹಾಕಿದ ಓವನ್ ವಿಸ್ಟರ್ ಅವರ 'ದಿ ವರ್ಜೀನಿಯನ್' 1902ರಲ್ಲಿ ಆರ್ಥರ್ ಕೆಲ್ಲರ್ ಅವರ ಚಿತ್ರಗಳೊಂದಿಗೆ ಬಂದಿತು. 1911ರಲ್ಲಿ ಅದನ್ನು ಮತ್ತೆ ಅಚ್ಚು ಹಾಕಿದಾಗ ಚಾರ್ಲ್ಸ್ ರಸೆಲ್ ಮತ್ತು ಫ್ರೆಡ್ರಿಕ್ ರೆಮಿಂಗ್ಟನ್ ಅವರ ಚಿತ್ರಗಳನ್ನು ಸೇರಿಸಲಾಯಿತು. ಕ್ಲಾರೆನ್ಸ್ ಮಲ್ಫರ್ಡ್ ಅವರ 'ಬಾರ್-20' 1907ರಲ್ಲಿ ಎನ್. ಸಿ. ವೈಯತ್ ಹಾಗೂ ಫ್ರಾಂಕ್ ಸ್ಕೂನೋವರ್ ಅವರ ಚಿತ್ರಗಳೊಂದಿಗೆ ಹೊರಬಂದಿತು. ಇವರಿಬ್ಬರೂ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ನಿನಲ್ಲಿ ಚಿತ್ರಕಾರ ಹೋವರ್ಡ್ ಪೈಲ್ ಅವರ ಬಳಿ ಕಲಿತವರು. ಜೇನ್ ಗ್ರೇ ಅವರ 1912ರ 'ರೈಡರ್ಸ್ ಆಫ್ ದಿ ಪರ್ಪಲ್ ಸೇಜ್' ಕಾದಂಬರಿಗೆ ಡಗ್ಲಸ್ ಡ್ಯೂಯರ್ ಬರೆದರು. ವೈಯತ್ ಅವರ ಒಂದು ಸಂಗತಿ ಸಂಗ್ರಾಹಕರಿಗೆ ಪಾಠದಂತಿದೆ: 1903ರ ಫೆಬ್ರುವರಿಯಲ್ಲಿ 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್' ಪತ್ರಿಕೆಯ ಮುಖಪುಟದಲ್ಲಿ ಅವರ ಕುಪ್ಪಳಿಸುವ ಕುದುರೆ ಅಚ್ಚಾದಾಗ ಆ ಇಪ್ಪತ್ತರ ತರುಣ ಪಶ್ಚಿಮ ಸೀಮೆಯನ್ನು ಕಣ್ಣಾರೆ ನೋಡಿಯೇ ಇರಲಿಲ್ಲ. ಮರುವರ್ಷ ಕೊಲರಾಡೋಗೆ ಹೋಗಿ ದನ ಅಟ್ಟುವವರ ಜತೆ ಜೀನಿನ ಮೇಲೆ ಕುಳಿತು ಕೆಲಸ ಮಾಡಿ ಬಂದ ಮೇಲೆ ಅವರ ಕುದುರೆಗಳ ಮೈಗೆ ಬಂದ ತೂಕವೇ ಬೇರೆ.

ರಸೆಲ್ ಅವರದು ಇದಕ್ಕೆ ತಿರುಗುಮುರುಗಾದ ದಾರಿ. ಸೇಂಟ್ ಲೂಯಿಸ್‌ನಲ್ಲಿ 1864ರಲ್ಲಿ ಹುಟ್ಟಿ, ಹದಿನಾರರ ವಯಸ್ಸಿನಲ್ಲಿ ಮಾಂಟಾನಾಗೆ ಹೋಗಿ, ವರ್ಷಗಟ್ಟಲೆ ರಾತ್ರಿ ಹೊತ್ತು ದನ ಕಾದ ನಂತರವೇ ಅವರು ಚಿತ್ರವನ್ನು ಜೀವನೋಪಾಯ ಮಾಡಿಕೊಂಡರು. ಬಿ. ಎಂ. ಬವರ್ ಅವರ 1906ರ 'ಚಿಪ್ ಆಫ್ ದಿ ಫ್ಲೈಯಿಂಗ್ ಯು' ಕಾದಂಬರಿಯ ನಾಯಕ ಚಿತ್ರ ಬರೆಯಬಲ್ಲ ಕೌಬಾಯ್. ಅದಕ್ಕೆ ಚಿತ್ರ ಬರೆದವರು ಚಿತ್ರ ಬರೆಯಬಲ್ಲ ನಿಜವಾದ ಕೌಬಾಯ್ ರಸೆಲ್. ಮೊದಲಕ್ಷರಗಳ ಹಿಂದಿದ್ದ ಬವರ್ ಹೆಂಗಸೆಂಬುದು ಬಹುಪಾಲು ಓದುಗರಿಗೆ ತಿಳಿದಿರಲಿಲ್ಲ.

ಇವರ ಚಿತ್ರಗಳು ಈಗ ಮ್ಯೂಸಿಯಮ್ಮುಗಳಲ್ಲಿವೆ, ಇಲ್ಲವೇ ನಮ್ಮಂಥವರ ಅಳವಿಗೆ ಮೀರಿದ ಬೆಲೆಯಲ್ಲಿವೆ. ನೀವು ಕಣ್ಣಿಡಬೇಕಾದದ್ದು ಶಾಯಿಯ ರೇಖಾಚಿತ್ರಗಳ ಮೇಲೆ. 1919ರಲ್ಲಿ ಪ್ರಾರಂಭವಾದ 'ವೆಸ್ಟರ್ನ್ ಸ್ಟೋರಿ ಮ್ಯಾಗಜೀನ್' ಮತ್ತು ಅದರಂಥ ಅಗ್ಗದ ಕಥಾಪತ್ರಿಕೆಗಳು ಒರಟು ಕಾಗದದಲ್ಲಿ ಅಚ್ಚಾಗುತ್ತಿದ್ದುದರಿಂದ ಅವುಗಳಿಗೆ ಬೂದು ಛಾಯೆಗಳಿಗಿಂತ ಗಟ್ಟಿ ಕಪ್ಪು ಗೆರೆಗಳೇ ಬೇಕಿದ್ದವು. ಕಾದಂಬರಿಗಳು ಅಲ್ಲಿ ಧಾರಾವಾಹಿಯಾಗಿ ಬಂದು ಅನಂತರ ಪುಸ್ತಕವಾಗುತ್ತಿದ್ದವು. ಈ ಪತ್ರಿಕೆಗಳಿಗೆ ಸಾವಿರಗಟ್ಟಲೆ ಚಿತ್ರ ಬರೆದ ನಿಕ್ ಎಗೆನ್‌ಹಾಫರ್ 1897ರಲ್ಲಿ ಜರ್ಮನಿಯ ಬವೇರಿಯಾದಲ್ಲಿ ಹುಟ್ಟಿ ಹದಿಹರೆಯದಲ್ಲಿ ಅಮೆರಿಕಕ್ಕೆ ಬಂದವರು. ಅವರ ಒಣಕುಂಚದ ಗೆರೆಯಲ್ಲಿ ಧೂಳೂ ಬೆವರೂ ಕಾಣುತ್ತವೆ, ಬಂಡಿಗಳ ಮತ್ತು ಹೇಸರಗತ್ತೆಗಳ ಸಜ್ಜನ್ನು ಅವರಷ್ಟು ಬಲ್ಲವರು ಕಡಿಮೆ. ಅರಿಜೋನಾದಲ್ಲಿ ಕುದುರೆಗಳನ್ನು ಕಾಯುವ ಕೆಲಸ ಮಾಡಿದ್ದ ರಾಸ್ ಸ್ಯಾಂಟೀ ಅವರ ಅಂಗುಲದೆತ್ತರದ ಕುದುರೆಗಳೂ ನಮಗೆ ಅಚ್ಚುಮೆಚ್ಚು. ಆಕಾಶವೆಂದು ಖಾಲಿ ಬಿಟ್ಟ ಕಾಗದದ ಕೆಳಗೆ ನಾಲ್ಕೈದು ಗೆರೆಗಳಲ್ಲಿ ಅವರು ಒಂದು ಇಡೀ ಹಿಂಡನ್ನು ನಿಲ್ಲಿಸಿಬಿಡುತ್ತಾರೆ.

ವಿಲ್ ಜೇಮ್ಸ್ ಅವರನ್ನು ಬಿಟ್ಟರೆ ಈ ಉತ್ತರ ಅಪೂರ್ಣವಾದೀತು. ಕುದುರೆಯೇ ನಾಯಕನಾದ ಅವರ 'ಸ್ಮೋಕಿ' 1926ರಲ್ಲಿ ಪ್ರಕಟವಾಗಿ ಮರುವರ್ಷ ಮಕ್ಕಳ ಸಾಹಿತ್ಯಕ್ಕೆ ಸಲ್ಲುವ ನ್ಯೂಬೆರಿ ಪದಕವನ್ನು ಗಳಿಸಿತು. ಪಠ್ಯವೂ ಚಿತ್ರಗಳೂ ಅವರವೇ. ಮಾಂಟಾನಾದಲ್ಲಿ ಬಂಡಿಯಲ್ಲಿ ಹುಟ್ಟಿದೆನೆಂದು ಆತ್ಮಕಥೆಯಲ್ಲಿ ಬರೆದುಕೊಂಡ ಈತ ನಿಜವಾಗಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1892ರಲ್ಲಿ ಎರ್ನೆಸ್ಟ್ ಡುಫೊ ಎಂಬ ಹೆಸರಿನಿಂದ ಹುಟ್ಟಿದ್ದರು, ಮನೆಮಾತು ಫ್ರೆಂಚ್. ದನ ಕದ್ದದ್ದಕ್ಕಾಗಿ ನೆವಾಡಾದಲ್ಲಿ ಸೆರೆವಾಸವನ್ನೂ ಅನುಭವಿಸಿದ್ದರು. ತಮ್ಮ ಬಗ್ಗೆ ಇಷ್ಟು ಸುಳ್ಳು ಹೇಳಿದವರು ಕುದುರೆಯ ಬಗ್ಗೆ ಒಂದು ಗೆರೆಯಷ್ಟೂ ಸುಳ್ಳು ಹೇಳಲಿಲ್ಲ. ಅವರ ಚಿತ್ರಗಳ ದೊಡ್ಡ ಸಂಗ್ರಹ ಮಾಂಟಾನಾದ ಬಿಲಿಂಗ್ಸ್ ನಗರದ ಯೆಲ್ಲೋಸ್ಟೋನ್ ಆರ್ಟ್ ಮ್ಯೂಸಿಯಮ್ಮಿನಲ್ಲಿದೆ.

ಪ್ರಶ್ನೆ: ಕುದುರೆಯ ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಕುದುರೆ ಹತ್ತದ ನಾವು ಹೇಗೆ ನಿರ್ಧರಿಸಬೇಕು? (ಮೈಸೂರು)

ಉತ್ತರ: ಕಾಲುಗಳನ್ನು ನೋಡಿ. ಎಡ್ವರ್ಡ್ ಮೈಬ್ರಿಜ್ 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಓಡುವ ಕುದುರೆಯನ್ನು ಸಾಲು ಕ್ಯಾಮೆರಾಗಳಿಂದ ಸೆರೆಹಿಡಿಯುವವರೆಗೆ, ನಾಗಾಲೋಟದ ಕುದುರೆ ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಹಾರುತ್ತದೆ ಎಂದೇ ಚಿತ್ರಕಾರರು ತಲೆಮಾರುಗಳಿಂದ ಬರೆಯುತ್ತಿದ್ದರು. ನಾಲ್ಕೂ ಗೊರಸುಗಳು ನೆಲ ಬಿಟ್ಟ ಕ್ಷಣದಲ್ಲಿ ಕಾಲುಗಳು ಹೊಟ್ಟೆಯ ಕೆಳಗೆ ಒಟ್ಟಾಗಿ ಮಡಿಸಿಕೊಂಡಿರುತ್ತವೆ ಎಂಬುದನ್ನು ಆ ಛಾಯಾಚಿತ್ರಗಳು ತೋರಿಸಿದವು. ರೆಮಿಂಗ್ಟನ್ ಈ ಪಾಠವನ್ನು ಬೇಗ ಕಲಿತರು. ಆದ್ದರಿಂದ 1900ರ ನಂತರದ್ದೆಂದು ಹೇಳುವ ಚಿತ್ರದಲ್ಲಿ ಕುದುರೆ ಹಳೆಯ ರೀತಿಯಲ್ಲಿ ಚಾಚಿಕೊಂಡು ಹಾರುತ್ತಿದ್ದರೆ, ಒಂದೋ ಅದು ದುರ್ಬಲ ಕೈಯ ಕೆಲಸ, ಇಲ್ಲವೇ ಬೇರೊಂದು ಹಳೆಯ ಮುದ್ರಣದ ನಕಲು.

ಎರಡನೆಯದು ಸಜ್ಜು. ಜೀನನ್ನು ಹೊಟ್ಟೆಗೆ ಬಿಗಿಯುವ ಪಟ್ಟಿ ಟೆಕ್ಸಸ್ ಕಡೆಯ ಪದ್ಧತಿಯಲ್ಲಿ ಎರಡು, ಕ್ಯಾಲಿಫೋರ್ನಿಯಾ ಕಡೆಯದರಲ್ಲಿ ನಡುವಿಗೆ ಒಂದೇ. ಟೆಕ್ಸಸ್ಸಿನವರು ಹಗ್ಗದ ತುದಿಯನ್ನು ಜೀನಿನ ಮುಂಭಾಗದಲ್ಲಿ ಮೇಲೆದ್ದಿರುವ ಕೊಂಬಿಗೆ ಗಂಟು ಹಾಕಿಕೊಂಡೇ ದನಕ್ಕೆ ಕುಣಿಕೆ ಎಸೆಯುತ್ತಾರೆ, ಕ್ಯಾಲಿಫೋರ್ನಿಯಾ ಮತ್ತು ನೆವಾಡಾದವರು ಕುಣಿಕೆ ಬಿದ್ದ ಮೇಲೆ ಹಗ್ಗವನ್ನು ಜೀನಿನ ಕೊಂಬಿಗೆ ಸುತ್ತಿ ಹಿಡಿಯುತ್ತಾರೆ. ಕಥೆ ನಡೆಯುವ ಸೀಮೆಗೂ ಚಿತ್ರದ ಸಜ್ಜಿಗೂ ಹೊಂದಿಕೆ ಇದ್ದರೆ ಚಿತ್ರಕಾರ ಆ ನೆಲದಲ್ಲಿ ಓಡಾಡಿದವನೆಂದು ನಂಬಬಹುದು. ನಗರದ ಸ್ಟುಡಿಯೋದಲ್ಲಿ ಬಾಡಿಗೆಯ ಜೀನನ್ನು ಪೀಪಾಯಿಯ ಮೇಲಿಟ್ಟು ಬರೆದವರ ಸವಾರರು ಕುದುರೆಯ ಮೇಲೆ ಕುರ್ಚಿಯಲ್ಲಿ ಕುಳಿತಂತೆ ಕುಳಿತಿರುತ್ತಾರೆ, ರಿಕಾಪಿನ ಮೇಲೆ ಮೈಭಾರವೇ ಬಿದ್ದಿರುವುದಿಲ್ಲ.

ಪ್ರಶ್ನೆ: ಅಂತರಜಾಲದಲ್ಲಿ ರಸೆಲ್ ಅವರ ಶಾಯಿಚಿತ್ರವೊಂದು ನಂಬಲಾಗದಷ್ಟು ಕಡಿಮೆ ಬೆಲೆಗೆ ಮಾರಾಟಕ್ಕಿದೆ. ಸಹಿಯ ಜತೆಗೆ ಕಾಡೆಮ್ಮೆಯ ತಲೆಬುರುಡೆಯ ಗುರುತೂ ಇದೆ. ಕೊಳ್ಳಬಹುದೇ? (ಹುಬ್ಬಳ್ಳಿ)

ಉತ್ತರ: ಬೇಡ. ಬುರುಡೆಯ ಗುರುತು ರಸೆಲ್ ಅವರ ಸಹಿಯ ಭಾಗವೆಂಬುದು ಎಲ್ಲರಿಗೂ ಗೊತ್ತಿರುವುದರಿಂದಲೇ ನಕಲು ಮಾಡುವವರು ಮೊದಲು ಬರೆಯುವುದು ಅದನ್ನು. ರಸೆಲ್, ರೆಮಿಂಗ್ಟನ್, ವೈಯತ್, ಸ್ಕೂನೋವರ್ ಈ ನಾಲ್ವರ ಕೃತಿಗಳಿಗೂ ವಿದ್ವಾಂಸರು ಸಿದ್ಧಪಡಿಸಿದ ಸಮಗ್ರ ಕೃತಿಸೂಚಿಗಳಿವೆ. ಸ್ಕೂನೋವರ್ ಅವರಂತೂ ತಾವು ಬರೆದ ಚಿತ್ರಗಳನ್ನು ದಿನಚರಿಯಲ್ಲಿ ಸಂಖ್ಯೆ ಹಾಕಿ ದಾಖಲಿಸುತ್ತಿದ್ದರು. ಈ ಸೂಚಿಗಳಲ್ಲಿ ಇಲ್ಲದ, ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ಕಾಗದಪತ್ರವೂ ಇಲ್ಲದ ಚಿತ್ರವನ್ನು ಸಹಿಯೊಂದನ್ನೇ ನಂಬಿ ಕೊಳ್ಳಬಾರದು. ಇನ್ನೊಂದು ಎಚ್ಚರಿಕೆ ರೆಮಿಂಗ್ಟನ್ ಅವರ ಚಿತ್ರಗಳ ಬಗ್ಗೆ: 1909ರಲ್ಲಿ ತೀರಿಕೊಳ್ಳುವ ಮೊದಲಿನ ಕೆಲವು ವರ್ಷಗಳಲ್ಲಿ, ಪತ್ರಿಕೆಗಳಲ್ಲಿ ಆಗಲೇ ಅಚ್ಚಾಗಿದ್ದ ತಮ್ಮ ಅನೇಕ ಕ್ಯಾನ್ವಾಸುಗಳನ್ನು ತೃಪ್ತಿಯಾಗಲಿಲ್ಲವೆಂದು ಅವರೇ ಸುಟ್ಟುಹಾಕಿದರು. ಮುದ್ರಣ ಉಳಿದು ಮೂಲ ಬೂದಿಯಾದ ಚಿತ್ರಗಳ 'ಮೂಲ'ವನ್ನು ಬರೆಯಲು ಹಳೆಯ ಪತ್ರಿಕೆಯ ಪುಟವೊಂದಿದ್ದರೆ ಸಾಕಲ್ಲವೇ?

ಪ್ರಶ್ನೆ: ಮಾರಿದವರು ಹೇಳಿದ ಕಾದಂಬರಿಯನ್ನು ತರಿಸಿಕೊಂಡು ಆದ್ಯಂತ ಓದಿದೆ. ನನ್ನ ಬಳಿಯಿರುವ ಚಿತ್ರಕ್ಕೆ ಹೊಂದುವ ಸನ್ನಿವೇಶ ಅದರಲ್ಲಿಲ್ಲ. ಮೋಸ ಹೋದೆನೇ? (ಧಾರವಾಡ)

ಉತ್ತರ: ಮೋಸವೇ ಆಗಿರಬೇಕಿಲ್ಲ. ಕಾದಂಬರಿಯ ಚಿತ್ರಗಳನ್ನು ಬಹಳಷ್ಟು ಸಲ ಮೊದಲು ಧಾರಾವಾಹಿ ಪ್ರಕಟಿಸಿದ ಪತ್ರಿಕೆ ಬರೆಸುತ್ತಿತ್ತು, ಪುಸ್ತಕದ ಪ್ರಕಾಶಕರು ಅವುಗಳಲ್ಲಿ ಮೂರೋ ನಾಲ್ಕೋ ಆರಿಸಿಕೊಂಡು ಉಳಿದವನ್ನು ಕೈಬಿಡುತ್ತಿದ್ದರು. ಪಠ್ಯವನ್ನೂ ಪುಸ್ತಕವಾಗುವಾಗ ತಿದ್ದುತ್ತಿದ್ದರು. ಆದ್ದರಿಂದ ಪುಸ್ತಕದ ಜತೆಗೆ ಪತ್ರಿಕೆಯ ಸಂಚಿಕೆಗಳನ್ನೂ ಹುಡುಕಬೇಕು.

ಒಂದೇ ಚಿತ್ರವನ್ನು ಬೇರೆ ಬೇರೆ ಕಥೆಗಳಿಗೆ ಬಳಸುವುದೂ ಇತ್ತು, ಇದಕ್ಕೆ ಡಬ್ಲ್ಯು. ಎಚ್. ಡಿ. ಕರ್ನರ್ ಅವರ ಒಂದು ಕ್ಯಾನ್ವಾಸಿಗಿಂತ ಸ್ವಾರಸ್ಯವಾದ ಉದಾಹರಣೆ ಸಿಗಲಾರದು. ಕಡಿದಾದ ದಿಬ್ಬವನ್ನು ಕುದುರೆಯ ಮೇಲೆ ರಭಸದಿಂದ ಏರುತ್ತಿರುವ ಸವಾರ, ಅವನ ಹಿಂದೆ ಬರುತ್ತಿರುವ ಇತರರು, ಇಷ್ಟು ಚಿತ್ರ. 1916ರಲ್ಲಿ 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್'ನ ಕಥೆಯೊಂದಕ್ಕೆ ಅದು ಮೊದಲು ಅಚ್ಚಾದಾಗ ಆ ಸವಾರ ಬೆನ್ನಟ್ಟಿದವರಿಂದ ತಪ್ಪಿಸಿಕೊಳ್ಳುತ್ತಿದ್ದ ಕುದುರೆಗಳ್ಳ. ಅನಂತರ ಅದೇ ಚಿತ್ರ ಇನ್ನೂ ಎರಡು ಕಥೆಗಳ ಜತೆ ಬಂದಿತು. 1918ರಲ್ಲಿ ಸೇರಿದ ಕಥೆಯ ಶೀರ್ಷಿಕೆ ಮೆಥಡಿಸ್ಟ್ ಕ್ರೈಸ್ತರ ಒಂದು ಪ್ರಾರ್ಥನಾಗೀತೆಯದಾಗಿದ್ದು, ಚಿತ್ರಕ್ಕೂ 'ಎ ಚಾರ್ಜ್ ಟು ಕೀಪ್' ಎಂಬ ಆ ಹೆಸರೇ ನಿಂತಿತು. ಜಾರ್ಜ್ ಡಬ್ಲ್ಯು. ಬುಷ್ ಟೆಕ್ಸಸ್ಸಿನ ಗವರ್ನರ್ ಆಗಿದ್ದಾಗ ಅದನ್ನು ಎರವಲು ಪಡೆದು ತಮ್ಮ ಕಚೇರಿಯಲ್ಲಿಟ್ಟುಕೊಂಡರು, ಶ್ರದ್ಧೆಯಿಂದ ಕರ್ತವ್ಯಕ್ಕೆ ಧಾವಿಸುವವನ ಚಿತ್ರವೆಂದು ಮೆಚ್ಚಿ ಮುಂದೆ ಅಧ್ಯಕ್ಷರ ಓವಲ್ ಆಫೀಸಿಗೂ ಒಯ್ದರು. ಕಳ್ಳನೊಬ್ಬ ಒಂದು ಕುಂಚದ ಗೆರೆಯೂ ಬದಲಾಗದೆ ಶ್ವೇತಭವನವನ್ನು ಸೇರಿದ. ನಿಮ್ಮ ಚಿತ್ರದ ಹಿಂಬದಿಯಲ್ಲಿ ಒಂದಕ್ಕಿಂತ ಹೆಚ್ಚು ಮೊಹರುಗಳಿವೆಯೇ, ಒಂದು ಸಂಖ್ಯೆಯನ್ನು ಹೊಡೆದು ಇನ್ನೊಂದನ್ನು ಬರೆದಿದ್ದಾರೆಯೇ ಎಂದು ಪರೀಕ್ಷಿಸಿ. ಕರ್ನರ್ ಅವರ ಸ್ಟುಡಿಯೋವನ್ನೇ ಮರುನಿರ್ಮಿಸಿದ್ದ ವಯೋಮಿಂಗ್ ರಾಜ್ಯದ ಕೋಡಿ ಪಟ್ಟಣದ ಬಫಲೋ ಬಿಲ್ ಸೆಂಟರಿನಂಥ ಸಂಸ್ಥೆಗಳ ಗ್ರಂಥಾಲಯಗಳಿಗೆ ಸ್ಪಷ್ಟವಾದ ಛಾಯಾಚಿತ್ರಗಳೊಂದಿಗೆ ಬರೆದು ಕೇಳುವುದೂ ಒಳ್ಳೆಯ ದಾರಿ.

ಪ್ರಶ್ನೆ: ಹಳೆಯ ಸಾಮಾನಿನಂಗಡಿಯಲ್ಲಿ ನಾಲ್ಕು ಡಾಲರಿಗೆ ಸಿಕ್ಕಿದ ಚಿತ್ರ ಲಕ್ಷಾಂತರಕ್ಕೆ ಹೋಯಿತೆಂದು ಓದಿದೆ. ನಿಜವೇ? ಭಾರತದಲ್ಲಿದ್ದುಕೊಂಡು ಅಲ್ಲಿನ ಹರಾಜಿನಲ್ಲಿ ಭಾಗವಹಿಸಲು ಸಾಧ್ಯವೇ? (ಶಿವಮೊಗ್ಗ)

ಉತ್ತರ: ನಿಜ. ಹೆಲೆನ್ ಹಂಟ್ ಜಾಕ್ಸನ್ ಅವರ 'ರಮೋನಾ' ಕಾದಂಬರಿಯ 1939ರ ಆವೃತ್ತಿಗೆ ವೈಯತ್ ಬರೆದ ಚಿತ್ರವೊಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಅಂಗಡಿಯಲ್ಲಿ ನಾಲ್ಕು ಡಾಲರಿಗೆ ಮಾರಾಟವಾಗಿ, 2023ರ ಸೆಪ್ಟೆಂಬರಿನಲ್ಲಿ ಬಾನಮ್ಸ್ ಹರಾಜಿನಲ್ಲಿ ಶುಲ್ಕವೂ ಸೇರಿ 1,91,000 ಡಾಲರಿಗೆ ಕೂಗಲ್ಪಟ್ಟಿತು. ಇಂಥ ಸುದ್ದಿಗಳನ್ನು ಓದಿ ಆನಂದಿಸಬೇಕು, ಆದರೆ ಅವುಗಳನ್ನು ನೆಚ್ಚಿ ಹೂಡಿಕೆ ಮಾಡಬಾರದು.

ಹರಾಜಿನಲ್ಲಿ ದೂರದಿಂದಲೇ ಭಾಗವಹಿಸಬಹುದು. ಡಾಲಸ್‌ನ ಹೆರಿಟೇಜ್, ನ್ಯೂಯಾರ್ಕಿನ ಸ್ವಾನ್ ಗ್ಯಾಲರೀಸ್ ಇವು ಪುಸ್ತಕ ಮತ್ತು ಪತ್ರಿಕೆಗಳ ಮೂಲಚಿತ್ರಗಳಿಗೆಂದೇ ಹರಾಜುಗಳನ್ನು ನಡೆಸಿವೆ. ನೆವಾಡಾದ ರೀನೋದಲ್ಲಿ ನಡೆಯುವ ಕೋರ್ ಡಲೇನ್ ಹರಾಜು ಪಶ್ಚಿಮ ಸೀಮೆಯ ಚಿತ್ರಗಳಿಗೆ ಹೆಸರಾಗಿದ್ದರೂ ಅಲ್ಲಿನ ಬೆಲೆಗಳು ನಿಮ್ಮನ್ನು ಪ್ರೇಕ್ಷಕರನ್ನಾಗಿಯೇ ಉಳಿಸಬಹುದು. ಕೂಗಿದ ಬೆಲೆಯ ಮೇಲೆ ಹರಾಜುಸಂಸ್ಥೆಯ ಶುಲ್ಕ ಸಾಮಾನ್ಯವಾಗಿ ಶೇ. 20ಕ್ಕೂ ಹೆಚ್ಚಾಗಿ ಸೇರುತ್ತದೆ, ಅದರ ಮೇಲೆ ಸಾಗಣೆ, ವಿಮೆ, ಇಲ್ಲಿನ ಸುಂಕ ಮತ್ತು ತೆರಿಗೆ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣರವಾನೆ ಯೋಜನೆಯಡಿ ಒಂದು ಹಣಕಾಸು ವರ್ಷದಲ್ಲಿ ವ್ಯಕ್ತಿಯೊಬ್ಬರು 2,50,000 ಡಾಲರಿನವರೆಗೆ ಹೊರದೇಶಕ್ಕೆ ಕಳಿಸಬಹುದಾದ್ದರಿಂದ ಹಣ ಪಾವತಿಗೆ ಕಾನೂನಿನ ತೊಡಕು ಬಾರದು. ಸುಂಕದ ದರಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಕೂಗುವ ಮೊದಲೇ ಕಸ್ಟಮ್ಸ್ ಏಜೆಂಟರೊಬ್ಬರನ್ನು ಕೇಳಿ ಒಟ್ಟು ಖರ್ಚನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಪ್ರಶ್ನೆ: ನಮ್ಮೂರಿನ ಮಳೆಗಾಲದಲ್ಲಿ ಕಾಗದದ ಚಿತ್ರ ಉಳಿಯುತ್ತದೆಯೇ? (ಉಡುಪಿ)

ಉತ್ತರ: ಎಚ್ಚರಿಕೆಯಿದ್ದರೆ ಉಳಿಯುತ್ತದೆ. ಅಗ್ಗದ ರಟ್ಟಿಗೆ ಅಂಟಿಸಿದ ಚಿತ್ರಗಳಲ್ಲಿ ರಟ್ಟಿನ ಆಮ್ಲವೇ ಕಾಗದವನ್ನು ಕಂದು ಮಾಡಿ ಪುಡಿಯಾಗಿಸುತ್ತದೆ, ತೇವ ಸೇರಿದರೆ ಕಂದು ಚುಕ್ಕೆಗಳೂ ಬೂಷ್ಟೂ ಬರುತ್ತವೆ. ಆಮ್ಲರಹಿತ ರಟ್ಟಿನಲ್ಲಿ, ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಅಂತರ ಬಿಟ್ಟು, ಅತಿನೇರಳೆ ಕಿರಣವನ್ನು ತಡೆಯುವ ಗಾಜು ಹಾಕಿಸಿ. ಹೊರಗೋಡೆಗೆ ತೂಗುಹಾಕಬೇಡಿ, ಮಳೆಗಾಲದಲ್ಲಿ ಅದು ಒಳಗಿನಿಂದಲೇ ಬೆವರುತ್ತದೆ. ಕೋಣೆಯ ತೇವಾಂಶ ಶೇ. 50ರ ಆಸುಪಾಸಿನಲ್ಲಿರುವಂತೆ ಡಿಹ್ಯುಮಿಡಿಫೈಯರ್ ಬಳಸುವುದು ಉತ್ತಮ. ಚಿತ್ರದ ಮೇಲಿನ ಹಳೆಯ ಅಂಟುಪಟ್ಟಿಯನ್ನು ನೀವೇ ಕೀಳಬೇಡಿ, ಅದು ಕಾಗದ ಸಂರಕ್ಷಣೆಯಲ್ಲಿ ತರಬೇತಿ ಪಡೆದವರ ಕೆಲಸ.

ಪ್ರಶ್ನೆ: ನನ್ನ ಬಳಿಯಿರುವ ಎಗೆನ್‌ಹಾಫರ್ ಅವರ ಮೂಲಚಿತ್ರವನ್ನು ನನ್ನ ಕಥಾಸಂಕಲನದ ಮುಖಪುಟಕ್ಕೆ ಬಳಸಿಕೊಳ್ಳಬಹುದೇ? ಚಿತ್ರ ನನ್ನದೇ ಅಲ್ಲವೇ? (ಮಂಗಳೂರು)

ಉತ್ತರ: ಚಿತ್ರ ನಿಮ್ಮದು, ಅದನ್ನು ಅಚ್ಚು ಹಾಕುವ ಹಕ್ಕು ನಿಮ್ಮದೆಂದು ಹೇಳಲಾಗದು. ವಸ್ತುವಿನ ಒಡೆತನ ಬೇರೆ, ಹಕ್ಕುಸ್ವಾಮ್ಯ ಬೇರೆ ಎಂಬುದನ್ನು 1978ರ ಜನವರಿ 1ರಿಂದ ಜಾರಿಯಲ್ಲಿರುವ ಅಮೆರಿಕದ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಭಾರತದಲ್ಲಿ ಚಿತ್ರಕಾರರು ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಈ ಹಕ್ಕು ಉಳಿಯುವುದು ಸಾಮಾನ್ಯ ನಿಯಮ. ಎಗೆನ್‌ಹಾಫರ್ ತೀರಿಕೊಂಡದ್ದು 1985ರಲ್ಲಿ. ಅಮೆರಿಕದಲ್ಲಿಯಾದರೆ ಆ ಕಾಲದ ಚಿತ್ರಗಳಿಗೆ ಪ್ರಕಟಣೆಯಿಂದ 95 ವರ್ಷಗಳವರೆಗೆ ಹಕ್ಕು ಉಳಿದಿರಬಹುದು, ಪತ್ರಿಕೆ ಸಕಾಲಕ್ಕೆ ನವೀಕರಿಸದಿದ್ದರೆ ಮೊದಲೇ ಮುಗಿದಿರಲೂಬಹುದು. ಚಿತ್ರ ಮೊದಲು ಯಾವ ಸಂಚಿಕೆಯಲ್ಲಿ, ಯಾವ ವರ್ಷ ಬಂದಿತೆಂಬುದನ್ನು ಪತ್ತೆಹಚ್ಚಿ, ಆ ವಿವರದೊಂದಿಗೆ ಹಕ್ಕುಸ್ವಾಮ್ಯ ಬಲ್ಲ ವಕೀಲರನ್ನು ಕಂಡ ಮೇಲೆ ಮುದ್ರಕರ ಬಳಿಗೆ ಹೋಗಿ. ಅಲ್ಲಿಯವರೆಗೆ ಮುಖಪುಟಕ್ಕೆ ನಮ್ಮವರೇ ಆದ ಚಿತ್ರಕಾರರೊಬ್ಬರಿಂದ ಹೊಸ ಕುದುರೆಯನ್ನು ಬರೆಸುವುದೂ ಒಂದು ದಾರಿ. ಅವರ ಮೂಲಚಿತ್ರವನ್ನು ಕೊಂಡಿಟ್ಟುಕೊಳ್ಳುವಾಗ ಮುದ್ರಣದ ಹಕ್ಕನ್ನೂ ಬರಹದಲ್ಲಿ ಪಡೆದುಕೊಳ್ಳಿ.